ಚೌಕಾಸಿಗೆ ಬಗ್ಗದ ಕೂಸು

ನಮ್ಮ ಮನೆಯಲ್ಲಿ ಈಗ ವಸ್ತುಗಳೆಲ್ಲ ಎದೆಮಟ್ಟದಿಂದ ಮೇಲೆ ವಾಸ ಮಾಡುತ್ತಿವೆ. ಉಪ್ಪಿನ ಡಬ್ಬಿ ಫ್ರಿಜ್ಜಿನ ನೆತ್ತಿಯ ಮೇಲೆ ಕುಳಿತಿದೆ. ಟೀವಿಯ ರಿಮೋಟು ದೇವರ ಗೂಡಿನಲ್ಲಿ ಗಣಪತಿಯ ಬೆನ್ನ ಹಿಂದೆ ಅಭಯ ಪಡೆದಿದೆ. ನನ್ನ ಕನ್ನಡಕ ಕಿಟಕಿಯ ಪರದೆಯ ಸರಳಿಗೆ ಬಾವಲಿಯ ಹಾಗೆ ಜೋತುಬಿದ್ದಿದೆ. ಕಡ್ಡಿಪೆಟ್ಟಿಗೆ, ಕತ್ತರಿ, ಮೊಬೈಲಿನ ಚಾರ್ಜರುಗಳು ಬೀರುವಿನ ತಲೆಯ ಮೇಲೆ, ನೆರೆ ಬಂದಾಗ ಅಟ್ಟ ಹತ್ತಿದ ಕುಟುಂಬದಂತೆ, ಒಂದಕ್ಕೊಂದು ಒತ್ತಿಕೊಂಡು ದಿನ ನೂಕುತ್ತಿವೆ. ನೆಲದಿಂದ ಎದೆಮಟ್ಟದವರೆಗಿನ ಸಮಸ್ತ ಭೂಭಾಗವೂ ಎರಡು ತುಂಬಿ ಮೂರಾಗದ ನಮ್ಮ ಮಗಳು ತನ್ವಿಯ ಆಳ್ವಿಕೆಗೆ ಸೇರಿದ್ದು, ಅಲ್ಲಿ ಬೇರೆಯವರ ಸೊತ್ತಿಗೆ ಯಾವ ರಕ್ಷಣೆಯೂ ಇಲ್ಲ. ಆದ್ದರಿಂದ ಮಿತ್ರರೇ, ಕೇಳದೆಯೇ ಕೊಡುವ ನನ್ನ ಮೊದಲ ಸಲಹೆ ಇದು: ಎಳೆಯ ಮಕ್ಕಳಿರುವ ಮನೆಯಲ್ಲಿ ಏನಾದರೂ ಕಾಣೆಯಾದರೆ ತಲೆ ಬಗ್ಗಿಸಿ ಹುಡುಕಬೇಡಿ, ತಲೆ ಎತ್ತಿ ಹುಡುಕಿ, ಅಲ್ಲಿಯೂ ಸಿಗದಿದ್ದರೆ ಬಚ್ಚಲ ಬಕೆಟ್ಟಿನಲ್ಲಿ ಕೈಯಾಡಿಸಿ.

ಸಲಹೆ ಕೊಡುವುದು ನನಗೆ ಚಟವೆಂದು ನನ್ನ ಹೆಂಡತಿ ಸವಿತಾ ಹೇಳುತ್ತಾಳೆ. ಚಟವಲ್ಲ, ವೃತ್ತಿಧರ್ಮ. ರಿಪ್ಪನ್‌ಪೇಟೆಯಲ್ಲಿ ನನ್ನದೊಂದು ಅಂಗಡಿಯಿದೆ. ಹಳೆಯ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ, ಕಳೆ ಕತ್ತರಿಸುವ ಯಂತ್ರಗಳನ್ನು ಕೊಂಡು, ಒರೆಸಿ, ರಿಪೇರಿ ಮಾಡಿ, ಮಾರುತ್ತೇನೆ. ಯಾರ ಬೆಂಬಲವೂ ಇಲ್ಲದೆ, ಬೇರೆಯವರ ಯಂತ್ರಗಳನ್ನು ಹೆಗಲ ಮೇಲೆ ಹೊತ್ತು ಹೊತ್ತು ಮೇಲೆ ಬಂದವನು ನಾನು. ಹೊಸ ಮಾಲು ಮಾರುವವನಿಗೆ ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಯ ಆಸರೆಯಿರುತ್ತದೆ. ಹಳೆಯದನ್ನು ಮಾರುವವನಿಗೆ ನಾಲಗೆಯೊಂದೇ ಆಸರೆ. ಗಿರಾಕಿ ಯಂತ್ರದ ಕಡೆ ನೋಡುತ್ತಾನೋ, ಯಂತ್ರದ ಪಕ್ಕದ ಗೋಡೆಯ ಕಡೆ ನೋಡುತ್ತಾನೋ ಎಂಬುದರಲ್ಲೇ ಅವನ ಆಸೆಯ ಆಳ ತಿಳಿಯುತ್ತದೆ. ಗೋಡೆ ನೋಡುವವನು ಖಂಡಿತ ಕೊಳ್ಳುತ್ತಾನೆ. ಇಷ್ಟೆಲ್ಲ ಮನುಷ್ಯಜ್ಞಾನ ಪಡೆದ ನನಗೆ, ಹೆಂಡತಿ ಆಸ್ಪತ್ರೆಯಿಂದ ಬಂದು ಮಲಗಿದ ಮೇಲೆ ಒಂದು ಅಂಗೈ ಅಗಲದ ಕೂಸನ್ನು ನೋಡಿಕೊಳ್ಳುವುದು ಯಾವ ಮಹಾ ಕೆಲಸ ಎಂದು ನಾನು ಭಾವಿಸಿದ್ದರೆ ನೀವು ನಗಬಾರದು. ಸವಿತಾ ಈಗಾಗಲೇ ಸಾಕಷ್ಟು ನಕ್ಕಿದ್ದಾಳೆ, ಹೊಲಿಗೆ ನೋಯುವಷ್ಟು.

ತನ್ವಿ ಹುಟ್ಟುವಾಗ ಆಪರೇಷನ್ ಆದ ಜಾಗದಲ್ಲೇ ಸವಿತಾಗೆ ಹರ್ನಿಯಾ ಆಗಿತ್ತು. ಸಾಗರದ ಆಸ್ಪತ್ರೆಯೊಂದರಲ್ಲಿ ಅದನ್ನು ಸರಿಪಡಿಸಿ, ಮನೆಗೆ ಕಳಿಸುವಾಗ ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿ, "ಎರಡು ತಿಂಗಳು ಭಾರ ಎತ್ತಬಾರದು. ಕೊಡಪಾನ ಇಲ್ಲ, ಅಕ್ಕಿ ಚೀಲ ಇಲ್ಲ, ಮಗುವನ್ನಂತೂ ಎತ್ತಲೇಬಾರದು" ಎಂದರು. ಯಾರೇ ಆಗಲಿ ಒಂದು ಸಂಖ್ಯೆ ಹೇಳಿದ ಕೂಡಲೇ ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಕೆಲಸ ಶುರುಮಾಡುತ್ತದೆ.

"ಎರಡು ಜಾಸ್ತಿ ಆಯ್ತಲ್ಲ ಡಾಕ್ಟ್ರೇ. ಮನೇಲಿ ಸಣ್ಣ ಕೂಸಿದೆ. ಒಂದೂವರೆಗೆ ಮುಗಿಸಿಕೊಡಿ" ಎಂದೆ.

"ಎರಡೂವರೆ ಮಾಡ್ಲಾ?" ಎಂದರು ಅವರು, ತಲೆಯನ್ನೂ ಎತ್ತದೆ ಬರೆಯುತ್ತ.

ಇಳಿಸಲು ಹೋದರೆ ಏರಿಸುವ ವ್ಯಾಪಾರಿಯನ್ನು ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಕಂಡೆ. ಎರಡಕ್ಕೇ ಒಪ್ಪಿಕೊಂಡು, ಕೈಮುಗಿದು ಎದ್ದೆ.

ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ತನ್ವಿಗೆ ನಡೆಯಲು ಬರುತ್ತದೆ, ಓಡಲು ಬರುತ್ತದೆ, ಕುರ್ಚಿಯಿಂದ ಮೇಜಿಗೂ ಮೇಜಿನಿಂದ ಕಿಟಕಿಗೂ ಹತ್ತಲು ಬರುತ್ತದೆ. ಆದರೆ ಅಮ್ಮನನ್ನು ಕಂಡರೆ ಮಾತ್ರ ಕಾಲುಗಳಲ್ಲಿನ ಶಕ್ತಿಯೆಲ್ಲ ಎಲ್ಲೋ ಇಂಗಿಹೋಗಿ, ಎರಡೂ ಕೈ ಮೇಲೆತ್ತಿ, ಅಮ್ಮನ ಹೊಟ್ಟೆಗೆ ತಲೆಯಿಂದ ಗುದ್ದಿ, ಎತ್ತಿಕೊಳ್ಳುವವರೆಗೂ ಬಿಡುವುದಿಲ್ಲ. ಆ ಗುದ್ದು ಹೊಲಿಗೆಯ ಮೇಲೆ ಬಿದ್ದರೆ ಗತಿಯೇನು? ಆಗ ನನಗೆ ನಮ್ಮ ವೃತ್ತಿಯ ಒಂದು ಸೂತ್ರ ಹೊಳೆಯಿತು. ಮಾರಲು ಇಷ್ಟವಿಲ್ಲದ ಮಾಲನ್ನು ಅಂಗಡಿಯ ಮುಂದಿಡಬಾರದು. ಕಂಡರೆ ಗಿರಾಕಿ ಕೇಳುತ್ತಾನೆ, ಕೇಳಿದ ಮೇಲೆ ಕೊಡದಿದ್ದರೆ ಜಗಳವಾಗುತ್ತದೆ. ಹಿಂದಿನ ಕೋಣೆಗೆ ಸಾಗಿಸಿ ಬಾಗಿಲು ಹಾಕಿಬಿಟ್ಟರೆ ಕೇಳುವವರೇ ಇಲ್ಲ. ತೀರ್ಥಹಳ್ಳಿ ಕಡೆಯಿಂದ ಮಗಳ ಬಾಣಂತನಕ್ಕಿಂತ ಹೆಚ್ಚಿನ ಸಂಭ್ರಮದಲ್ಲಿ ಬಂದಿಳಿದಿದ್ದ ನಮ್ಮ ಅತ್ತೆಗೆ ಫೋನು ಮಾಡಿ, ಕೂಸನ್ನು ಮುಂಬಾಗಿಲಲ್ಲಿ ಆಡಿಸುತ್ತಿರಲು ಹೇಳಿ, ಸವಿತಾಳನ್ನು ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಒಳಕೋಣೆಗೆ ಸೇರಿಸಿದೆ. ತನ್ವಿಗೆ, "ಅಮ್ಮ ಆಸ್ಪತ್ರೇಲಿದೆ, ಆಮೇಲೆ ಬರ್ತದೆ" ಎಂದಾಯಿತು.

"ಇದೆಲ್ಲ ನಡೆಯೋದಲ್ಲರೀ" ಎಂದು ಸವಿತಾ ದಿಂಬಿಗೆ ತಲೆಯಿಡುತ್ತಲೇ ಹೇಳಿದಳು. ನಾನು ತುಟಿಯ ಮೇಲೆ ಬೆರಳಿಟ್ಟು ಬಾಗಿಲೆಳೆದುಕೊಂಡೆ.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದು ಕಳ್ಳಸಾಗಣೆ. ಗಂಜಿಯ ಬಟ್ಟಲು ನನ್ನ ಟವೆಲ್ಲಿನ ಮರೆಯಲ್ಲಿ ಒಳಹೋಗುತ್ತಿತ್ತು. ಬಿಸಿನೀರಿನ ಫ್ಲಾಸ್ಕು ಅತ್ತೆಯ ಸೆರಗಿನಡಿಯಲ್ಲಿ. ಒಳಕೋಣೆಯಲ್ಲಿ ಮಲಗಿದ ಸವಿತಾಗೆ ಹೊರಗಿನ ಪ್ರತಿಯೊಂದು ಸದ್ದೂ ಕೇಳುತ್ತಿದ್ದುದರಿಂದ ಅವಳು ಸುಮ್ಮನಿರಲಾರದೆ, ಹತ್ತು ಹೆಜ್ಜೆ ದೂರದ ಅಡುಗೆಮನೆಯಲ್ಲಿದ್ದ ನನಗೆ ಮೊಬೈಲಿನಲ್ಲಿ ಫೋನು ಮಾಡಿ ಪಿಸುಗುಟ್ಟುತ್ತಿದ್ದಳು: "ಅದು ಅನ್ನ ಬೇಡ ಅಂತ ಅಳ್ತಿರೋದಲ್ಲರೀ, ನಿದ್ದೆ ಬಂದು ಅಳ್ತಿರೋದು." ನಾನು ಅನ್ನದ ತಟ್ಟೆ ಕೆಳಗಿಟ್ಟು ಬೆನ್ನು ತಟ್ಟಿದರೆ ಕೂಸು ನಿಜವಾಗಿಯೂ ನಿದ್ದೆ ಹೋಗುತ್ತಿತ್ತು. ನಾನು ಬರಿಗಣ್ಣಿನಿಂದ ನೋಡಿ ಅರ್ಥಮಾಡಿಕೊಳ್ಳಲಾರದ್ದನ್ನು ಅವಳು ಬಾಗಿಲ ಆಚೆಯಿಂದ, ಗೋಡೆಯ ಮೂಲಕ ತಿಳಿಯುತ್ತಿದ್ದಳು. ಪಂಪ್‌ಸೆಟ್ಟಿನ ಸದ್ದು ಕೇಳಿ ಅದರ ಬೇರಿಂಗಿನ ಗತಿ ಹೇಳಬಲ್ಲ ನನಗೆ ಸ್ವಂತ ಮಗಳ ಅಳುವಿನಲ್ಲಿ ಒಂದೇ ಒಂದು ದನಿ ಕೇಳುತ್ತಿತ್ತು, ಅದು ಜೋರಾದದ್ದು ಎಂಬುದಷ್ಟೇ ಗೊತ್ತಾಗುತ್ತಿತ್ತು.

ಸ್ನಾನದ ಪ್ರಸಂಗವನ್ನು ವಿವರಿಸಿದರೆ ನಿಮಗೂ ನೀರು ಸಿಡಿದೀತು, ಬಿಡಿ. ಒಂದೇ ಒಂದು ಸಲಹೆ: ಮಗುವಿಗೆ ಸ್ನಾನ ಮಾಡಿಸುವವನು ಒಣಬಟ್ಟೆಯನ್ನು ಮಗುವಿಗಲ್ಲ, ಮೊದಲು ತನಗೆ ತೆಗೆದಿಟ್ಟುಕೊಳ್ಳಬೇಕು. ಊಟದ ವಿಷಯಕ್ಕೆ ಬಂದರೆ, ಒಂದು ತುತ್ತಿಗೆ ಒಂದು ಕಾಗೆ ತೋರಿಸುತ್ತೇನೆಂದು ನಾನು ಮಾಡಿಕೊಂಡ ಒಪ್ಪಂದ ಕಾಗೆಗಳು ಸಹಕರಿಸದೆ ಮುರಿದುಬಿತ್ತು. ಚೌಕಾಸಿ ನಡೆಯಬೇಕಾದರೆ ಎರಡು ಕಡೆಯವರಿಗೂ ಏನಾದರೊಂದು ಕಳೆದುಕೊಳ್ಳುವ ಭಯವಿರಬೇಕು. ಈ ಕೂಸಿಗೆ ಆ ಭಯವೇ ಇಲ್ಲ. ಕೈಯಲ್ಲಿರುವ ಬಿಸ್ಕತ್ತನ್ನು ನಾಯಿಗೂ ಕೊಡುತ್ತದೆ, ನೆಲಕ್ಕೂ ಕೊಡುತ್ತದೆ, ಮರುಕ್ಷಣ ನಿಮ್ಮ ಬಾಯಿಗೂ ತುರುಕುತ್ತದೆ. ತನ್ನದೆಂಬುದೇ ಇಲ್ಲದವರೊಂದಿಗೆ ವ್ಯಾಪಾರ ಮಾಡಿ ಗೆದ್ದವರಿಲ್ಲ. ಹಾಗಾಗಿಯೇ ಇರಬೇಕು, ಸನ್ಯಾಸಿಗಳು ನನ್ನ ಅಂಗಡಿಗೆ ಬಂದರೆ ನನಗೆ ಎಂಥದೋ ಪುಕಪುಕ.

ತನ್ವಿಗೆ ಒಂದು ಅಭ್ಯಾಸವಿದೆ. ಯಾರೇ ಮನೆಗೆ ಬರಲಿ, ಅವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಎತ್ತಿಕೊಂಡು, ಅವರು ಕುಳಿತಲ್ಲಿಗೇ ಹೋಗಿ, ಮಡಿಲಲ್ಲಿಡುತ್ತಾಳೆ. ಮಗಳ ಈ ಅತಿಥಿ ಸತ್ಕಾರದಿಂದ ಬಿಳಿ ಪಂಚೆಯ ನೆಂಟರು ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದ್ದಾರೆ. ಅದೊಂದು ಬೆಳಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಅತ್ತೆ ಬಾಗಿಲ ಸಂದಿಯಿಂದ ಕೈಬೀಸಿ ಕರೆದರು. ಹೋಗಿ ನೋಡಿದರೆ, ಮುಚ್ಚಿದ ಒಳಕೋಣೆಯ ಬಾಗಿಲಿಗೆ ಬೆನ್ನುಕೊಟ್ಟು ತನ್ವಿ ಕಾಲುಚಾಚಿ ಕುಳಿತಿದ್ದಾಳೆ. ಅವಳ ಮಡಿಲಲ್ಲಿ ಹಿತ್ತಲ ಬಾಗಿಲಲ್ಲಿ ನಾನು ಮರೆತು ಬಿಟ್ಟಿದ್ದ ಸವಿತಾಳ ಚಪ್ಪಲಿ ಜೋಡಿ. ಅಳುತ್ತಿರಲಿಲ್ಲ. ನನ್ನನ್ನು ಕಂಡು ಬಾಗಿಲನ್ನು ಒಂದು ಸಲ ತಟ್ಟಿ, "ಅಮ್ಮ ಚಪ್ಪಲ್" ಎಂದಳು. ಎಷ್ಟು ಹೊತ್ತಿನಿಂದ ಕುಳಿತಿದ್ದಳೋ.

ಬಾಗಿಲು ತೆಗೆದೆ. ಸವಿತಾ ದಿಂಬಿಗೆ ಒರಗಿ, ಎರಡೂ ಕೈ ಚಾಚಿ, "ಬಾರೆ ಕೂಸೆ, ಮೆಲ್ಲ ಬಾ" ಎಂದಳು. ನಾನು ಗುದ್ದನ್ನು ತಡೆಯಲು ನಡುವೆ ಅಡ್ಡ ನಿಂತು ಸಿದ್ಧನಾದೆ. ಆದರೆ ತಡೆಯಬೇಕಾದದ್ದೇನೂ ಬರಲಿಲ್ಲ. ತನ್ವಿ ಚಪ್ಪಲಿಯನ್ನು ಹೊಸ್ತಿಲಲ್ಲಿಟ್ಟು, ಅಮ್ಮನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ಬ್ಯಾಡ" ಎಂದು ಹೇಳಿ, ತಿರುಗಿ ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸಿಬಿಟ್ಟಳು.

ಸವಿತಾಳ ಕೈಗಳು ಗಾಳಿಯಲ್ಲಿ ಹಾಗೇ ಉಳಿದವು. ಆಮೇಲೆ ಮೆಲ್ಲಗೆ ಇಳಿದವು. "ನನ್ನನ್ನ ಮಾಲಿನ ಹಾಗೆ ಒಳಗಿಟ್ರಿ ಅಲ್ದಾ? ನೋಡಿ ಈಗ, ಗಿರಾಕಿನೇ ಬೇಡ ಅಂತ ಹೋಯ್ತು" ಎಂದಳು. ತಮಾಷೆಯ ಮಾತೇ ಅದು. ಆದರೆ ಹೇಳಿದವಳ ಮುಖದಲ್ಲಿ ನಗುವಿರಲಿಲ್ಲ. ಹೊಟ್ಟೆಯ ನೋವಿಗೆ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟಿದ್ದರು, ಇದಕ್ಕೆ ಬರೆದಿರಲಿಲ್ಲ. ಮುನಿದ ಮಗುವಿಗೆ ತಾಯಂದಿರು ಅನಾದಿಯಿಂದ ಮಾಡುತ್ತ ಬಂದ ಮದ್ದು ಒಂದೇ, ಅಳಲಿ ಒದೆಯಲಿ, ಬಾಚಿ ಎತ್ತಿಕೊಂಡು ಬಿಗಿಯಾಗಿ ಹಿಡಿದುಕೊಳ್ಳುವುದು. ಅದೇ ಅವಳಿಗೆ ನಿಷಿದ್ಧ. ಎದ್ದು ಹೋಗಿ ಕರೆಯುವಂತಿಲ್ಲ, ಬಗ್ಗುವಂತಿಲ್ಲ, ಎತ್ತುವಂತಿಲ್ಲ. ಮಲಗಿದಲ್ಲಿಂದ ಕಾಯಬೇಕು, ಅಷ್ಟೆ. "ಎರಡು ತಿಂಗಳಲ್ಲಿ ನನ್ನ ಮರ್ತೇ ಬಿಡ್ತದೇನೋ" ಎಂದು ಗೋಡೆಯ ಕಡೆ ತಿರುಗಿ ಹೇಳಿದಳು. ಗೋಡೆ ನೋಡುವವರ ಆಸೆಯ ಆಳ ನನಗೆ ಗೊತ್ತು.

ಮುರಿದ ವ್ಯವಹಾರವನ್ನು ಕೂಡಿಸುವುದು ನನ್ನ ಹೊಣೆಯಾಯಿತು. ಪೇಟೆಗೆ ಹೋಗಿ ಬಲೂನು ತಂದೆ. ಅಮ್ಮನ ಮಂಚದ ಹತ್ತಿರ ಹೋದರೆ ಬಲೂನು ಎಂದೆ. ಕೂಸು ಬಲೂನು ತೆಗೆದುಕೊಂಡು ಜಗಲಿಗೆ ಹೋಯಿತು. ಕ್ರೀಮ್ ಬಿಸ್ಕತ್ತು ತಂದೆ. ಕ್ರೀಮು ನೆಕ್ಕಿ ಬಿಸ್ಕತ್ತನ್ನು ನನ್ನ ಜೇಬಿಗೆ ಹಾಕಿ ಹೋಯಿತು. ಮೊಬೈಲು ಕೊಟ್ಟೆ; ಕೂಸು ನನ್ನ ಹಳೆಯ ಗಿರಾಕಿಯೊಬ್ಬರಿಗೆ ಕರೆ ಮಾಡಿ, ಅವರ ಹತ್ತಿರ ತನ್ನದೇ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿತೇ ವಿನಾ ಒಳಕೋಣೆಯ ಹೊಸ್ತಿಲು ದಾಟಲಿಲ್ಲ. ಮುಂಗಡ ಪಡೆದು ಮಾಲು ಕೊಡದ ಎಷ್ಟೋ ಜನರನ್ನು ನಾನು ಪಂಚಾಯಿತಿಗೆ ಎಳೆದವನು. ಇಲ್ಲಿ ಎಳೆಯುವುದು ಯಾರನ್ನು?

"ಎಂತ ಅಳಿಯಂದ್ರೆ" ಎಂದರು ಅತ್ತೆ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಇಡೀ ಪೇಟೆನೇ ಮಾತಲ್ಲಿ ಮಾರ್ಕೊಂಡ್ ಬರೋರು ನೀವು. ಒಂದ್ ಕೂಸಿನ ಹತ್ರ ಆಗ್ಲಿಲ್ವಾ?"

"ಅದು ನಿಮ್ಮ ಕಡೆ ರಕ್ತ ಅತ್ತೆ, ಬೆಲೆಗೆ ಬಗ್ಗಲ್ಲ" ಎಂದೆ.

"ಹೌದಲ್ಲ ಮತ್ತೆ, ನನ್ನ ಮಗಳನ್ನ ಕೇಳೋಕೆ ಬಂದಾಗ್ಲೂ ನೀವು ಚೌಕಾಸಿ ಮಾಡೋಕೆ ನೋಡಿದ್ರಿ, ನೆನಪಿದ್ಯಾ" ಎಂದು ಅವರು ಇನ್ನೊಂದು ಮೊಣಕಾಲಿಗೆ ಹೋದರು. ಇಂಥ ಹೊತ್ತಿನಲ್ಲಿ ಅಂಗಡಿಯಲ್ಲಿ ತುರ್ತು ಕೆಲಸವಿದೆಯೆಂದು ಹೇಳಿ ಎದ್ದುಬಿಡಬೇಕು, ಇದು ಮದುವೆಯಾದ ಗಂಡಸರಿಗೆ ನನ್ನ ಸಲಹೆ. ಅತ್ತೆಯ ಮೊಣಕಾಲಿಗೂ ವಿಶ್ರಾಂತಿಯಾಗಲಿ ಎಂದು ತನ್ವಿಯನ್ನೂ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋದೆ.

ಅಂದು ಅಂಗಡಿಗೆ ಆನಂದಪುರದ ಹುಚ್ಚಪ್ಪಣ್ಣ ಬಂದಿದ್ದರು. ಒಂದು ಕಾಲದಲ್ಲಿ ದನದ ವ್ಯಾಪಾರದ ದೊಡ್ಡ ದಲ್ಲಾಳಿ. ಈಗ ದನಗಳೂ ಕಡಿಮೆಯಾಗಿ, ವಯಸ್ಸೂ ಆಗಿ, ಅಳಿಯನಿಗೊಂದು ಕಳೆ ಕತ್ತರಿಸುವ ಯಂತ್ರ ಕೊಡಿಸಲು ಬಂದವರು. ಅವರದು ಹಳೆಯ ಪದ್ಧತಿ. ಬೆಲೆಯನ್ನು ಬಾಯಲ್ಲಿ ಹೇಳುವುದು ಅವರಿಗೆ ಬೀದಿಯಲ್ಲಿ ಅಂಗಿ ಕಳಚಿದಷ್ಟು ನಾಚಿಕೆಯ ವಿಷಯ. ಹೆಗಲ ಟವೆಲ್ಲು ತೆಗೆದು ಇಬ್ಬರ ಕೈಗಳ ಮೇಲೂ ಹೊದಿಸಿ, ಅದರಡಿಯಲ್ಲಿ ಎದುರಿನವರ ಬೆರಳು ಹಿಡಿದು ಒತ್ತುತ್ತಾರೆ. ಯಾವ ಬೆರಳು, ಎಷ್ಟು ಬೆರಳು ಎಂಬುದರಲ್ಲೇ ಬೆಲೆ ಇರುತ್ತದೆ. ಒಪ್ಪದಿದ್ದರೆ ಎದುರಿನವರೂ ತಿರುಗಿ ಒತ್ತುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಅಲುಗಾಟ ಮತ್ತು ಎರಡು ಮುಖ, ಅಷ್ಟೆ. ಹಾಗೆ ನಾವಿಬ್ಬರೂ ಮುಖದಲ್ಲಿ ಮಾತ್ರ ಮಳೆ ಬೆಳೆಯ ಸುದ್ದಿ ಆಡುತ್ತ, ಕೈಯಲ್ಲಿ ಘೋರ ಯುದ್ಧ ಮಾಡುತ್ತಿದ್ದಾಗ, ಟವೆಲ್ಲಿನ ಅಂಚು ಎತ್ತಿ ಮೂರನೆಯ ಪುಟ್ಟ ಕೈಯೊಂದು ಒಳನುಗ್ಗಿತು.

"ಓಹೋ, ದೊಡ್ಡ ದಲ್ಲಾಳಿನೇ ಬಂದ್ರಲ್ಲ!" ಎಂದರು ಹುಚ್ಚಪ್ಪಣ್ಣ. ಒಳಗೆ ಅವಳ ಬೆರಳು ಹಿಡಿದು ಮೆಲ್ಲಗೆ ಒತ್ತಿರಬೇಕು. ತನ್ವಿ ಉಸಿರು ಬಿಗಿಹಿಡಿದು, ಕಣ್ಣು ದೊಡ್ಡದು ಮಾಡಿ, ತಾನೂ ಒತ್ತಿದಳು. ಅವರು ಮತ್ತೆ ಒತ್ತಿದರು. ಅವಳು ಕಿಲಕಿಲ ನಕ್ಕು, ಸುತ್ತ ನೋಡಿ, ಯಂತ್ರದ ಜೊತೆಗಿದ್ದ ಸ್ಪಾನರಿನ ಚೀಲವನ್ನು ದರದರ ಎಳೆದು ತಂದು ಅವರ ಕಾಲ ಮೇಲಿಟ್ಟು, "ತಗೋ" ಎಂದಳು.

"ಮುಗೀತಲ್ಲ ಮಾರಾಯ್ರೆ! ಮಾಲೀಕರೇ ಕೊಟ್ಟಾಯ್ತು. ಇನ್ನು ನಿಮ್ಮದೆಂತ ತಕರಾರು?" ಎಂದು ಹುಚ್ಚಪ್ಪಣ್ಣ ಎದ್ದೇಬಿಟ್ಟರು. ಅಂದು ಯಂತ್ರ ಅವರು ಹೇಳಿದ ಬೆಲೆಗೇ ಹೋಯಿತು. ಎಷ್ಟಕ್ಕೆಂದು ನಾನು ಹೇಳುವುದಿಲ್ಲ. ಟವೆಲ್ಲಿನಡಿಯ ಮಾತು ಹೊರಗೆ ಆಡುವುದಲ್ಲ.

ಆ ಸಂಜೆ ಮನೆಗೆ ಬಂದು ನಾನಿನ್ನೂ ಕೈಕಾಲು ತೊಳೆಯುವುದರೊಳಗೆ ತನ್ವಿ ನನ್ನ ಹೆಗಲ ಟವೆಲ್ಲು ಎಳೆದುಕೊಂಡಳು. ಅದನ್ನು ನೆಲದ ಮೇಲೆ ಬಾಲದಂತೆ ಎಳೆಯುತ್ತ, ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಕೋಣೆಗೆ ಹೋದಳು. ನಾನೂ ಅತ್ತೆಯೂ ಗೋಡೆಗೆ ಅಂಟಿಕೊಂಡು ನೋಡಿದೆವು. ಸವಿತಾ ಕಣ್ಣುಮುಚ್ಚಿ ಮಲಗಿದ್ದಳು; ಒಂದು ಕೈ ಮಂಚದಿಂದ ಕೆಳಗಿಳಿದಿತ್ತು. ತನ್ವಿ ಆ ಕೈಯ ಮೇಲೆ ಟವೆಲ್ಲು ಎಸೆದಳು. ಅದು ಜಾರಿ ಬಿತ್ತು. ಮತ್ತೆ ಹೊದಿಸಿ ತನ್ನ ಕೈಯನ್ನು ಒಳಗೆ ತೂರಿಸಿದಳು. ಸವಿತಾ ಕಣ್ಣು ತೆರೆದಳು, ಆದರೆ ಅಲುಗಾಡಲಿಲ್ಲ, ಕರೆಯಲಿಲ್ಲ, ಎಷ್ಟು ಜಾಣೆ ನೋಡಿ. ಟವೆಲ್ಲು ಅಲುಗಿತು. ಸ್ವಲ್ಪ ತಡೆದು ಮತ್ತೆ ಅಲುಗಿತು. ಯಾರು ಎಷ್ಟು ಕೇಳಿದರು, ಯಾರು ಎಷ್ಟಕ್ಕೆ ಒಪ್ಪಿದರು, ಅದು ಅವರಿಬ್ಬರ ನಡುವಿನದು. ನನಗೆ ಕಂಡದ್ದು ಎರಡು ಮುಖ. ಒಂದು ನಗುತ್ತಿತ್ತು, ಇನ್ನೊಂದರ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಒಲೆ ಮೇಲೆ ಸಾರಿಟ್ಟಿದ್ದೆ" ಎಂದು ಅಡುಗೆಮನೆಗೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ.

ಅಂದಿನಿಂದ ಮಂಚದ ಪಕ್ಕದ ಸ್ಟೂಲು ತನ್ವಿಯದಾಯಿತು. ಅಮ್ಮನ ಹೊಟ್ಟೆಗೆ 'ಉವ್ವಾ' ಆಗಿದೆಯೆಂದು ಒಂದೇ ಸಲ ಹೇಳಿದ್ದಕ್ಕೆ ಅವಳು ಅದನ್ನು ಕಾನೂನಾಗಿ ಜಾರಿಗೆ ತಂದಳು. ಬಾಗಿಲು ಮುಚ್ಚಿ ನಾನು ಕಾಯಲು ಹೊರಟಿದ್ದ ಹೊಲಿಗೆಯನ್ನು ಅವಳು ಬಾಗಿಲು ತೆರೆದೇ ಕಾದಳು. ಮಂಚದ ಅಂಚಿಗೆ ಅಜ್ಜಿ ಕುಳಿತರೆ ಎಬ್ಬಿಸುವಳು. ನಾನು ಚಾದರ ಹೊದಿಸಿದರೆ "ಮೆಲ್ಲ" ಎಂದು ಗದರುವಳು. ನೋಡಲು ಬಂದ ನೆಂಟರೊಬ್ಬರ ಕೈಚೀಲವನ್ನು ಅಮ್ಮನ ಹಾಸಿಗೆಯಿಂದ ತೆಗೆದು ಅಂಗಳಕ್ಕೇ ಒಗೆದಳು. ದಿನಗಳು ಹೀಗೆ ಉರುಳಿದವು. ಸವಿತಾ ಮಾತ್ರ ಕ್ಯಾಲೆಂಡರು ನೋಡುತ್ತ ಮಲಗುವಳು. ಹಳೆಯ ಯಂತ್ರಗಳನ್ನು ಹೊತ್ತೇ ಸೊಂಟ ಸವೆಸಿದ ನಾನು ಭಾರವೆಂದರೆ ಕೆಜಿಯಲ್ಲಿ ತೂಗುವುದೆಂದು ತಿಳಿದಿದ್ದೆ. ಪಕ್ಕದಲ್ಲೇ ಕುಳಿತ ಮಗಳನ್ನು ಎತ್ತಲಾರದೆ ಬರಿದಾದ ಎರಡು ತೋಳಿಗೂ ಅಷ್ಟೊಂದು ಭಾರವಿರುತ್ತದೆಂದು ಅವಳನ್ನು ನೋಡಿ ತಿಳಿದೆ.

ಕೊನೆಗೂ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಚೆನ್ನಾಗಿ ಕೂಡಿದೆ. ಇನ್ನು ಮಗುನ ಎತ್ಕೋಬಹುದು" ಎಂದ ದಿನ, ಸವಿತಾ ನನಗೂ ಕಾಯದೆ, ಚಪ್ಪಲಿ ಮೆಟ್ಟಿಯೂ ಮೆಟ್ಟದೆ ಹೊರಗೆ ನಡೆದಳು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅತ್ತೆಯ ಕೈಹಿಡಿದು ತನ್ವಿ ನಿಂತಿದ್ದಳು. ಸವಿತಾ ಬಗ್ಗಿ ಎರಡೂ ತೋಳು ಚಾಚಿದಳು. "ಬಾರೆ ಕೂಸೆ, ಎತ್ಕೊಳ್ತೀನಿ."

ತನ್ವಿ ಎರಡು ಹೆಜ್ಜೆ ಹಿಂದೆ ಸರಿದು, "ಬ್ಯಾಡ. ಅಮ್ಮಂಗೆ ಉವ್ವಾ" ಎಂದಳು.

"ಹೋಯ್ತು ಕೂಸೆ, ಎಲ್ಲ ಹೋಯ್ತು" ಎಂದೆ ನಾನು. "ಬ್ಯಾಡ." "ಡಾಕ್ಟ್ರೇ ಹೇಳಿದ್ರು." "ಬ್ಯಾಡ." "ಒಂದೇ ಒಂದು ಸಲ, ಕಾರಿನ ತನಕ." "ಬ್ಯಾಡ." ಅಷ್ಟರಲ್ಲಿ ಹಿಂದಿನಿಂದ ಬಂದ ಡಾಕ್ಟರಮ್ಮ ಇದನ್ನು ನೋಡಿ ನಿಂತು, "ನನಗಿಂತ ಸ್ಟ್ರಿಕ್ಟು ಇವಳು. ನೀವು ಸುಮ್ನಿರಿ, ಮೂರು ತಿಂಗಳು ಮಾಡಿಬಿಟ್ಟಾಳು" ಎಂದು ನಗುತ್ತ ಹೋದರು.

ನನ್ನಲ್ಲಿ ಇನ್ನೂ ಮಾತುಗಳಿದ್ದವು. ಆದರೆ ಸವಿತಾ ನನ್ನ ತೋಳನ್ನು ಮುಟ್ಟಿ ಸುಮ್ಮನಾಗಿಸಿ, ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಕೂಸಿನ ಕಡೆ ನೋಡಲೂ ಇಲ್ಲ. ರಸ್ತೆಯಲ್ಲಿ ಹೋಗುವ ಬಸ್ಸು ನೋಡುತ್ತ ಕುಳಿತಳು. ತನ್ವಿ ಅವಳ ಸುತ್ತ ಒಂದು ಬಾರಿ ಸುಳಿದಳು. ಕೆಳಗಿನ ಮೆಟ್ಟಿಲಲ್ಲಿ ಕುಳಿತಳು, ಎದ್ದು ಪಕ್ಕದಲ್ಲಿ ಕುಳಿತಳು. ಬೆರಳ ತುದಿಯಿಂದ ಅಮ್ಮನ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ, ಮುಖ ನೋಡಿದಳು. ಅಮ್ಮ ಮುಖ ಕಿವುಚಲಿಲ್ಲ. ಇನ್ನೊಂದು ಸಲ ಮುಟ್ಟಿದಳು, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಒಂದು ಕಾಲನ್ನು ತೊಡೆಯ ಮೇಲಿಟ್ಟು, ಪರೀಕ್ಷಿಸಿ, ಇನ್ನೊಂದನ್ನೂ ತಂದು, ಪೂರ್ತಿ ಮಡಿಲೊಳಗೆ ಇಳಿದು, ತಲೆಯನ್ನು ಅಮ್ಮನ ಎದೆಗೆ ಒರಗಿಸಿ, ಬಹಳ ದಿನದ ಕೆಲಸ ಮುಗಿಸಿದವರ ಹಾಗೆ ಒಂದು ಉದ್ದನೆಯ ಉಸಿರು ಬಿಟ್ಟಳು. ಆಗ, ಆಗ ಮಾತ್ರ, ಸವಿತಾಳ ತೋಳುಗಳು ಮುಚ್ಚಿಕೊಂಡವು.

ಅದು ಆಸ್ಪತ್ರೆಯ ಮುಖ್ಯ ಮೆಟ್ಟಿಲು. ಹೋಗುವವರು, ಬರುವವರು, ಔಷಧಿ ಚೀಲದವರು, ಊರುಗೋಲಿನವರು. "ಸ್ವಲ್ಪ ದಾರಿ ಬಿಡ್ರಮ್ಮ" ಎಂದರು ಯಾರೋ. "ಆ ಕಡೆಯಿಂದ ಹೋಗಿ ಅಕ್ಕ" ಎಂದಳು ಸವಿತಾ, ಕಣ್ಣುಮುಚ್ಚಿಕೊಂಡೇ, ಗಲ್ಲವನ್ನು ಕೂಸಿನ ನೆತ್ತಿಯ ಮೇಲಿಟ್ಟು. ಹೊರಡೋಣವೇ ಎಂದು ನಾನು ಕೇಳಿದ್ದಕ್ಕೆ ಆ ತೋಳುಗಳು ಇನ್ನಷ್ಟು ಬಿಗಿಯಾದವು. ಮತ್ತೇನು ಮಾಡಲಿ, ಸ್ಕ್ಯಾನಿಂಗಿನ ಕವರನ್ನು ಕಂಕುಳಿಗೆ ಸಿಕ್ಕಿಸಿ, ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿದು, ಬಂದವರನ್ನೆಲ್ಲ ಎಡಕ್ಕೆ, ಎಡಕ್ಕೆ ಎಂದು ಕೈಬೀಸಿ ಕಳಿಸುತ್ತ, ಟ್ರಾಫಿಕ್ ಪೊಲೀಸನ ಹಾಗೆ ನಿಂತೆ.